ಮಗಳಿಗೆ ದಕ್ಕದ ಮನೆ

ಇಂಗ್ಲೆಂಡಿನ ಕೆಂಟ್ ಸೀಮೆಯ ನೋಲ್ ಎಂಬ ಮಹಾಮನೆಯ, ಅದರ ಒಡೆಯರಾದ ಸ್ಯಾಕ್‌ವಿಲ್ ಮನೆತನದ ಚರಿತ್ರೆಯನ್ನು ಆ ಮನೆಯ ಒಬ್ಬಳೇ ಮಗಳು ವೀಟಾ 1922ರಲ್ಲಿ ಬರೆದಳು. ಪಡಸಾಲೆ, ಭಾವಚಿತ್ರಗಳನ್ನೆಲ್ಲ ತವರಿನ ಅಕ್ಕರೆಯಿಂದ ವರ್ಣಿಸುತ್ತಾಳೆ. ಪುಟಗಳ ತುಂಬ ಗಂಡಸರದೇ ದರ್ಬಾರು. ನನ್ನ ಮನಸ್ಸು ನಿಂತದ್ದು ಮಾತ್ರ ಸೊಸೆಯಾಗಿ ಬಂದ ಆನ್ ಕ್ಲಿಫರ್ಡ್ ಬಳಿ. 1605ರಲ್ಲಿ ತೀರಿಕೊಂಡ ಅವಳ ತಂದೆ ಆಸ್ತಿಯನ್ನು ತನ್ನ ತಮ್ಮನಿಗೆ ಬರೆದಿದ್ದ. ಗಂಡ, ದೊರೆ ಇಬ್ಬರೂ ಒತ್ತಾಯಿಸಿದರೂ ಆನ್ ಹಕ್ಕು ಬಿಡಲಿಲ್ಲ. 1643ರಲ್ಲಿ ಅದು ಅವಳ ಕೈಸೇರಿತು. ಅವಳ ದಿನಚರಿಯನ್ನು ವೀಟಾ 1923ರಲ್ಲಿ ಸಂಪಾದಿಸಿದಳು. 1928ರಲ್ಲಿ ವೀಟಾಳ ತಂದೆ ತೀರಿಕೊಂಡಾಗ, ಅವಳು ಹೆಣ್ಣೆಂಬ ಕಾರಣಕ್ಕೆ ನೋಲ್ ಚಿಕ್ಕಪ್ಪನ ಪಾಲಾಯಿತು.

ಮನೆತನದ ಹೆಮ್ಮೆ ಈ ಪುಸ್ತಕದಲ್ಲಿ ಕೆಲವೆಡೆ ಅತಿಯೆನಿಸುತ್ತದೆ. ಆದರೂ ಕೈತಪ್ಪಲಿದ್ದ ಮನೆಯನ್ನು ಅಕ್ಷರದಲ್ಲಾದರೂ ತನ್ನದಾಗಿಸಿಕೊಂಡವಳನ್ನು, ತವರು ಬಿಟ್ಟು ಬಂದ ನಾನು ಹೇಗೆ ತಪ್ಪೆನ್ನಲಿ?