ಗಾಳಿಯನ್ನು ಬಿಟ್ಟು ಮೈಯನ್ನು ಅಳೆದವರು

ಮಹಿಳೆಯರ 100 ಮೀಟರ್ ಫೈನಲ್ ಇದೆಯೆಂದರೆ ಟಿವಿ ಪರದೆಯ ಮೂಲೆಯಲ್ಲಿ 10.49 ಎಂಬ ಅಂಕಿ ಬಂದು ಕೂರುತ್ತದೆ. ವಿಶ್ವದಾಖಲೆ, ಫ್ಲೋ-ಜೋ ಎಂದೇ ಹೆಸರಾದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, ಅಮೆರಿಕ, 1988. ಅದರ ಬೆನ್ನಿಗೇ ಮಾತು ಶುರುವಾಗುತ್ತದೆ. ಆ ಉದ್ದನೆಯ ಬಣ್ಣದ ಉಗುರು, ಒಂದು ಕಾಲಿಗಷ್ಟೇ ಇದ್ದ ಬಿಗಿ ಉಡುಪು, ಒಂದೇ ವರ್ಷದಲ್ಲಿ ತುಂಬಿಕೊಂಡ ತೋಳು, 38ಕ್ಕೇ ಬಂದ ಸಾವು. ಕೊನೆಗೆ ತೀರ್ಪು: ಅದು ಮದ್ದಿನ ಓಟ, ಇನ್ನು ಯಾರೂ ಮುರಿಯಲಾರರು, ಎಂಬತ್ತರ ದಶಕದ ಮಹಿಳಾ ದಾಖಲೆಗಳನ್ನೆಲ್ಲ ಒಟ್ಟಿಗೆ ಗುಡಿಸಿ ಹಾಕಬೇಕು.

ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಫ್ಲೋ-ಜೋ ಶುದ್ಧವಾಗಿದ್ದರೆಂದು ಪ್ರಮಾಣ ಮಾಡಲು ನಾನು ಹೊರಟಿಲ್ಲ. ಅದು ನನಗೂ ಗೊತ್ತಿಲ್ಲ, ಹಾಗೆ ಹೇಳುವವರಿಗೂ ಗೊತ್ತಿಲ್ಲ. 10.49 ದಾಖಲೆಯಾಗಿ ಉಳಿಯಬಾರದು ಎಂಬುದು ನನ್ನ ಮಾತೂ ಹೌದು. ಕಾರಣ ಮಾತ್ರ ಬೇರೆ. ಅದನ್ನು ತೆಗೆಯುವುದಕ್ಕೆ ಯಾರ ರಕ್ತ, ಮೂತ್ರವನ್ನೂ ಕೆದಕಬೇಕಾಗಿಲ್ಲ, ಟ್ರ್ಯಾಕಿನ ಪಕ್ಕದಲ್ಲಿ ನಿಲ್ಲಿಸಿದ್ದ ಗಾಳಿಮಾಪಕವನ್ನು ನೋಡಿದರೆ ಸಾಕಿತ್ತು.

1988ರ ಜುಲೈ 16, ಇಂಡಿಯಾನಾಪೊಲಿಸ್. ಸೋಲ್ ಒಲಿಂಪಿಕ್ಸ್‌ಗೆ ಅಮೆರಿಕದ ತಂಡ ಆರಿಸುವ ಕೂಟ. ಆ ದಿನ ಗಾಳಿ ಜೋರಾಗಿತ್ತು. ಹೀಟ್ಸ್‌ನಲ್ಲಿ ಫ್ಲೋ-ಜೋ 10.60ರಲ್ಲಿ ಓಡಿದಾಗ ಬೆನ್ನಿಗೆ ಬೀಸಿದ ಗಾಳಿ ಸೆಕೆಂಡಿಗೆ 3.2 ಮೀಟರ್. ನಿಯಮದ ಮಿತಿ 2.0. ಹಾಗಾಗಿ ಆ ಓಟ ದಾಖಲೆಗೆ ಬರಲಿಲ್ಲ. ಆಮೇಲೆ ಕ್ವಾರ್ಟರ್‌ಫೈನಲ್‌ಗಳು. ಮೊದಲನೆಯದರಲ್ಲಿ ಆಕೆ 10.49ರಲ್ಲಿ ಗೆರೆ ದಾಟಿದರು, ಗಾಳಿಮಾಪಕ 0.0 ತೋರಿಸಿತು. ಎರಡನೆಯದರಲ್ಲೂ 0.0. ನಿಮಿಷಗಳ ಅಂತರದಲ್ಲಿ ನಡೆದ ಮೂರನೆಯದರಲ್ಲಿ 5.0! ಅದೇ ಹೊತ್ತಿಗೆ ಟ್ರ್ಯಾಕಿನ ಪಕ್ಕದಲ್ಲೇ ಪುರುಷರ ಟ್ರಿಪಲ್ ಜಂಪ್ ನಡೆಯುತ್ತಿತ್ತು. ಅಲ್ಲಿನ ಬೇರೆ ಮಾಪಕ, 10.49ರ ಓಟದ ವೇಳೆಗೆ 4.3 ತೋರಿಸುತ್ತಿತ್ತು. ಅದೇ ಸ್ಪರ್ಧೆಯಲ್ಲಿ ವಿಲ್ಲಿ ಬ್ಯಾಂಕ್ಸ್ 18.20 ಮೀಟರ್ ಜಿಗಿದರು. ಆಗಿನ ವಿಶ್ವದಾಖಲೆ ಸ್ವತಃ ಅವರದೇ, ಅದನ್ನೂ ಮೀರಿದ ಜಿಗಿತ. ಆದರೆ ಗಾಳಿ 5.2 ಇದ್ದುದರಿಂದ ಲೆಕ್ಕಕ್ಕೆ ಬರಲಿಲ್ಲ.

ಒಂದೇ ಮೈದಾನ, ಒಂದೇ ಮಧ್ಯಾಹ್ನ. ಒಬ್ಬನ ಜಿಗಿತವನ್ನು ಗಾಳಿ ತಿಂದುಹಾಕಿತು, ಕೂಗಳತೆಯಲ್ಲಿ ಓಡಿದ ಎರಡು ಓಟಗಳಿಗೆ ಮಾತ್ರ ಎಲೆ ಅಲುಗಾಡದಷ್ಟು ನಿಶ್ಶಬ್ದ. ಗಾಳಿ ಸುಳಿದು ಬೀಸುತ್ತದೆ, ಒಂದು ಮೂಲೆಯಲ್ಲಿ ಇರುವುದು ಇನ್ನೊಂದರಲ್ಲಿ ಇರದು ಎಂಬ ಸಮಜಾಯಿಷಿ ಇದೆ. ಹೌದು, ಆಗಬಹುದು. ಆದರೆ 100 ಮೀಟರ್ ಓಟದಲ್ಲಿ ಮಾಪಕ ಗಾಳಿಯನ್ನು ಅಳೆಯುವುದು ಪೂರ್ತಿ 10 ಸೆಕೆಂಡು. ಆ ಸರಾಸರಿ ಕರಾರುವಾಕ್ಕಾಗಿ ಸೊನ್ನೆ ಬರುವುದು, ಅದೂ ಸಾಲಾಗಿ ಎರಡು ಸಲ ಬರುವುದು, ಅಂಥ ದಿನದಲ್ಲಿ ಎಷ್ಟು ಸಂಭವ? ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ನಿಕೊಲಸ್ ಲಿನ್‌ಥಾರ್ನ್ 1995ರಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟಕ್ಕಾಗಿ ಈ ಓಟವನ್ನು ಬಿಡಿಸಿ ನೋಡಿದರು. ಜೊತೆಗೆ ಓಡಿದವರ ಕಾಲವೂ ಅವರವರ ಮಟ್ಟಕ್ಕೆ ಹೊಂದದಷ್ಟು ಚುರುಕಾಗಿತ್ತು. ನಿಜವಾದ ಗಾಳಿ 5.0ರಿಂದ 7.0 ಇದ್ದಿರಬೇಕು ಎಂಬುದು ಅವರ ನಿರ್ಣಯ. ಮಿತಿಯೊಳಗಿನ 2.0 ಗಾಳಿಯೇ ಮಹಿಳೆಯರ 100 ಮೀಟರಿನಲ್ಲಿ ಸುಮಾರು 0.12 ಸೆಕೆಂಡ್ ಉಳಿಸಿಕೊಡುತ್ತದೆ ಎನ್ನುವುದು ನೆನಪಿರಲಿ. ಅದುವರೆಗೆ ಇದ್ದ ದಾಖಲೆ ಎವೆಲಿನ್ ಆಶ್‌ಫರ್ಡ್ ಅವರ 10.76, ಒಂದೇ ಏಟಿಗೆ 0.27 ಹಾರಿಹೋಗಿತ್ತು.

ಕ್ರೀಡಾ ಅಂಕಿಅಂಶ ಬರೆಯುವವರ ಅಂತಾರಾಷ್ಟ್ರೀಯ ಸಂಘ 1997ರಿಂದ ತನ್ನ ವಾರ್ಷಿಕ ಸಂಪುಟದಲ್ಲಿ ಈ ಓಟದ ಮುಂದೆ, ಬಹುಶಃ ಜೋರು ಗಾಳಿಯ ನೆರವು ಪಡೆದದ್ದು, ಆದರೂ ದಾಖಲೆಯೆಂದು ಮಾನ್ಯವಾದದ್ದು ಎಂಬರ್ಥದ ಟಿಪ್ಪಣಿ ಹಾಕುತ್ತ ಬಂದಿದೆ. ಒಕ್ಕೂಟ ಮಾತ್ರ ಮಾಪಕದ ಸೊನ್ನೆಯನ್ನೇ ಹಿಡಿದು ಕೂತಿದೆ.

ಸೋಲ್‌ನಲ್ಲಿ ನಡೆದದ್ದನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ಸೆಪ್ಟೆಂಬರ್ 25ರ ಒಲಿಂಪಿಕ್ ಫೈನಲ್‌ನಲ್ಲಿ ಅದೇ ಫ್ಲೋ-ಜೋ 10.54ರಲ್ಲಿ ಚಿನ್ನ ಗೆದ್ದರು. ಗಾಳಿ 3.0. ಒಲಿಂಪಿಕ್ ದಾಖಲೆಯೆಂದು ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಆಕೆಯೇ ಕ್ವಾರ್ಟರ್‌ಫೈನಲ್‌ನಲ್ಲಿ ಓಡಿದ 10.62 ಉಳಿಯಿತು. ಯಾರೂ ಅತ್ತು ಕರೆಯಲಿಲ್ಲ. ಮಾಪಕ ನೆಟ್ಟಗಿದ್ದಾಗ ನಿಯಮ ಎಷ್ಟು ಸಲೀಸಾಗಿ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇಂಡಿಯಾನಾಪೊಲಿಸ್‌ನಲ್ಲೂ ಮರುದಿನದ ಫೈನಲ್‌ನಲ್ಲಿ ಆಕೆ 1.2 ಗಾಳಿಯಲ್ಲಿ 10.61 ಓಡಿದ್ದರು. ಪ್ರಶ್ನೆಗೆ ಎಡೆಯಿಲ್ಲದ ಆಕೆಯ ಅತ್ಯುತ್ತಮ ಓಟ ಅದೇ, ಅದೂ ಆಗಿನ ದಾಖಲೆಯನ್ನು 0.15 ಮುರಿಯುವಂಥದ್ದು. 10.49 ತೆಗೆದುಹಾಕಿದರೆ ಆಕೆ ಬಡವಾಗುತ್ತಿರಲಿಲ್ಲ.

ಇಷ್ಟು ಮಾಹಿತಿ ಕಣ್ಣೆದುರಿಗಿದ್ದೂ ಚರ್ಚೆಯೆಲ್ಲ ಮದ್ದಿನ ಕಡೆಗೆ ಹರಿದದ್ದೇಕೆ? ತೂಕದ ಕಲ್ಲು ತಪ್ಪಿದ ಅಂಗಡಿಯಲ್ಲಿ ಗಿರಾಕಿಯ ನಡತೆ ವಿಚಾರಿಸಿದ ಹಾಗಿದೆ ಇದು. ಗಾಳಿಯ ಮಾತಿಗೆ ರುಚಿಯಿಲ್ಲ. ಹೆಣ್ಣಿನ ಮೈಕಟ್ಟಿನ ಮಾತಿಗೆ ಇದೆ. ಸೋವಿಯತ್ ಒಕ್ಕೂಟದ ಯೂರಿ ಸೆದಿಖ್ 1986ರಲ್ಲಿ ಎಸೆದ 86.74 ಮೀಟರ್ ಹ್ಯಾಮರ್ ದಾಖಲೆ ಇನ್ನೂ ಹಾಗೇ ಇದೆ. ಅವರ ದವಡೆ ಎಷ್ಟು ಅಗಲವಾಯಿತು ಎಂದು ಪ್ರತಿ ವಿಶ್ವಕೂಟದಲ್ಲೂ ಯಾರಾದರೂ ಕೇಳಿದ್ದುಂಟೆ? ನಮ್ಮಲ್ಲೂ ಫ್ಲೋ-ಜೋ ಬಂದದ್ದು ಓಟದ ಮೂಲಕವಲ್ಲ, ತೊಟ್ಟ ಉಡುಪಿನ ಮೂಲಕ. ಕೊಡಗಿನ ಅಶ್ವಿನಿ ನಾಚಪ್ಪ ಅವರಿಗೆ ಪತ್ರಿಕೆಗಳು ಭಾರತದ ಫ್ಲೋ-ಜೋ ಎಂದು ಹೆಸರಿಟ್ಟವು. ಪಿ.ಟಿ. ಉಷಾ ಅವರನ್ನು ಸೋಲಿಸಿದ ಓಟಗಾರ್ತಿ ಆಕೆ. ಆದರೆ ಆ ಬಿರುದು ಬಂದದ್ದು ಗೆಲುವಿಗಿಂತ ಹೆಚ್ಚಾಗಿ ಚೆಲುವಿಗೆ, ಟ್ರ್ಯಾಕಿನ ಮೇಲಿನ ಠೀವಿಗೆ. ಮೆಚ್ಚುವಾಗಲೂ ಶಂಕಿಸುವಾಗಲೂ ಕಣ್ಣು ಮೈಯ ಮೇಲೆಯೇ.

ಮದ್ದಿನ ಶಂಕೆಗೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1987ರವರೆಗೆ ಆಕೆಯ 100 ಮೀಟರ್ ಅತ್ಯುತ್ತಮ 10.96. ಮರುವರ್ಷ ಈ ಜಿಗಿತ. ಸೋಲ್‌ನಲ್ಲಿ ಓಟಗಾರ ಬೆನ್ ಜಾನ್ಸನ್ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಗದ್ದಲ ಆರುವ ಮುನ್ನವೇ ಆಕೆಯ 200 ಮೀಟರ್ ದಾಖಲೆ. 1989ರ ಫೆಬ್ರವರಿಯಲ್ಲಿ, ದಿಢೀರ್ ತಪಾಸಣೆಯ ನಿಯಮ ಬಿಗಿಯಾಗುವ ಹೊತ್ತಿಗೆ, ನಿವೃತ್ತಿ. ಇವೆಲ್ಲ ನಿಜ, ಹುಬ್ಬೇರಿಸುವಂಥವೇ. ಎದುರು ಬದಿಯಲ್ಲಿ ಇರುವುದೂ ನಿಜ: ತೆಗೆದುಕೊಂಡ ಒಂದು ಪರೀಕ್ಷೆಯಲ್ಲೂ ಆಕೆ ಸಿಕ್ಕಿಬೀಳಲಿಲ್ಲ. ಸೋಲ್‌ನಲ್ಲಿ ಆಕೆಯನ್ನು ವಿಶೇಷವಾಗಿ ಗುರಿಮಾಡಿ ಪರೀಕ್ಷಿಸಿದ್ದೆವು, ಏನೂ ಸಿಗಲಿಲ್ಲ ಎಂದು ಒಲಿಂಪಿಕ್ ಸಮಿತಿಯ ವೈದ್ಯಕೀಯ ಮುಖ್ಯಸ್ಥರಾಗಿದ್ದ ಅಲೆಕ್ಸಾಂದ್ರ್ ದ ಮೆರೋಡ್ ಆಕೆಯ ಸಾವಿನ ನಂತರ ಹೇಳಿದರು. ಆ ಸಾವನ್ನೂ ಮದ್ದಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. ಶವಪರೀಕ್ಷೆ ಹೇಳಿದ್ದು ನಿದ್ದೆಯಲ್ಲಿ ಬಂದ ಅಪಸ್ಮಾರ, ಉಸಿರುಗಟ್ಟುವಿಕೆ, ಮಿದುಳಿನಲ್ಲಿ ಹುಟ್ಟಿನಿಂದಲೇ ಇದ್ದ ರಕ್ತನಾಳದ ದೋಷ.

ಪರೀಕ್ಷೆ ಪಾಸಾಗುವುದು ಶುದ್ಧತೆಗೆ ಪುರಾವೆಯಲ್ಲ ಎಂದು ಅಮೆರಿಕದ ಓಟಗಾರ್ತಿ ಮರಿಯನ್ ಜೋನ್ಸ್ ತೋರಿಸಿಕೊಟ್ಟಿದ್ದಾರೆ, ಸರಿ. ಆದರೆ ಅವರ ಪ್ರಕರಣದಿಂದ ಕಲಿಯಬೇಕಾದದ್ದು ಬೇರೆಯೇ ಇದೆ. 2007ರಲ್ಲಿ ಅವರು ತಪ್ಪೊಪ್ಪಿಕೊಂಡ ಮೇಲೆ ಸಿಡ್ನಿ ಒಲಿಂಪಿಕ್ಸ್‌ನ ಐದೂ ಪದಕಗಳು ಹೋದವು. ರದ್ದಾದದ್ದು 2000ದ ಸೆಪ್ಟೆಂಬರಿನಿಂದ ಈಚಿನ ಫಲಿತಾಂಶ. 1998ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಓಡಿದ 10.65 ಇಂದಿಗೂ ಸಾರ್ವಕಾಲಿಕ ಪಟ್ಟಿಯಲ್ಲಿದೆ. ಸಿಡ್ನಿಯಲ್ಲಿ ಎರಡನೆಯವರಾಗಿದ್ದ ಗ್ರೀಸಿನ ಎಕತೆರೀನಿ ಥಾನು 2004ರಲ್ಲಿ ತಪಾಸಣೆ ತಪ್ಪಿಸಿಕೊಂಡ ಹಗರಣದಲ್ಲಿ ಸಿಕ್ಕಿದ್ದರಿಂದ 100 ಮೀಟರಿನ ಚಿನ್ನವನ್ನು ಯಾರಿಗೂ ಕೊಡಲಿಲ್ಲ. ಅಂದರೆ ತಪ್ಪೊಪ್ಪಿಗೆ ಇದ್ದಾಗಲೂ ಸಂಸ್ಥೆಗಳು ಸಾಬೀತಾದ ತಾರೀಖಿನಿಂದ ಆಚೆಗೆ ಮಾತ್ರ ಕೈಹಾಕುತ್ತವೆ. ಹಾಗಿದ್ದ ಮೇಲೆ ಫ್ಲೋ-ಜೋ ಓಟವನ್ನು ಬರೀ ಶಂಕೆಯ ಮೇಲೆ ಅಳಿಸಿ ಎನ್ನುವುದು ಎಂದೂ ಆಗದ ಬೇಡಿಕೆ. ಆಗುವ ಬೇಡಿಕೆ ಗಾಳಿಯದು. ಅದನ್ನು ಕೇಳುವವರೇ ಕಡಿಮೆ.

ಎಲ್ಲವನ್ನೂ ಎಂಬತ್ತರ ದಶಕ ಎಂಬ ಒಂದೇ ಮೂಟೆಗೆ ತುಂಬುವುದರಿಂದ ಆಗುವ ಅನ್ಯಾಯ ಇನ್ನೊಂದಿದೆ. 400 ಮೀಟರಿನ 47.60 ಪೂರ್ವ ಜರ್ಮನಿಯ ಮರಿಟಾ ಕೋಖ್ ಅವರದು, 1985ರ ಅಕ್ಟೋಬರ್ 6ರಂದು ಕ್ಯಾನ್‌ಬೆರಾದಲ್ಲಿ ಓಡಿದ್ದು. ಅಲ್ಲಿ ಇರುವುದು ಉಗುರು, ಉಡುಪಿನ ಗಾಳಿಮಾತಲ್ಲ, ಕಾಗದಪತ್ರ. ಬರ್ಲಿನ್ ಗೋಡೆ ಬಿದ್ದ ಮೇಲೆ ಜೀವವಿಜ್ಞಾನಿ ವೆರ್ನರ್ ಫ್ರಾಂಕೆ, ಅವರ ಪತ್ನಿ, ಮಾಜಿ ಎಸೆತಗಾರ್ತಿ ಬ್ರಿಗಿಟೆ ಬೆರೆಂಡಾಂಕ್ ಸೇರಿ ಸರ್ಕಾರವೇ ನಡೆಸಿದ ಮದ್ದಿನ ಯೋಜನೆಯ ರಹಸ್ಯ ಕಡತಗಳನ್ನು ಹೊರತೆಗೆದರು. ಓರಲ್ ಟ್ಯುರಿನಾಬೋಲ್ ಗುಳಿಗೆ ಯಾವ ವರ್ಷ ಯಾರಿಗೆ ಎಷ್ಟು ಎಂಬ ಲೆಕ್ಕದಲ್ಲಿ ಕೋಖ್ ಹೆಸರೂ ಇತ್ತು. ಅವರೂ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ. ಆದರೂ ದಾಖಲೆಯಿರುವ ಶಂಕೆ ಒಂದು, ತೋಳು ನೋಡಿ ಹುಟ್ಟಿದ ಶಂಕೆ ಇನ್ನೊಂದು. ಅಂತಾರಾಷ್ಟ್ರೀಯ ಒಕ್ಕೂಟ 2014ರಲ್ಲಿ ಕೋಖ್ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿಕೊಂಡಿತು. ಕಡತ ಓದದೆ ಹಾಗೆ ಮಾಡಿತೋ, ಓದಿಯೂ ಮಾಡಿತೋ, ಎರಡರಲ್ಲಿ ಯಾವುದು ಹೆಚ್ಚು ನಾಚಿಕೆಗೇಡು ಎಂದು ತೀರ್ಮಾನಿಸಲು ನನಗೆ ಆಗಿಲ್ಲ.

2017ರಲ್ಲಿ ಯುರೋಪಿನ ಅಥ್ಲೆಟಿಕ್ಸ್ ಸಂಸ್ಥೆ ಒಂದು ದೊಡ್ಡ ಪೊರಕೆಯನ್ನೇ ಹಿಡಿದು ಬಂತು. ಮಾದರಿಗಳನ್ನು ಕೂಡಿಟ್ಟು ಮತ್ತೆ ಪರೀಕ್ಷಿಸಲು ಸಾಧ್ಯವಿರುವ ದಾಖಲೆಗಳಿಗಷ್ಟೇ ಮಾನ್ಯತೆ ಕೊಡೋಣ, ಎಂದರೆ 2005ಕ್ಕೂ ಹಿಂದಿನವೆಲ್ಲ ಹೊರಗೆ, ಎಂಬ ಪ್ರಸ್ತಾವ. ಅದರಿಂದ ತಮ್ಮ ದಾಖಲೆ ಕಳೆದುಕೊಳ್ಳಲಿದ್ದ ಬ್ರಿಟನ್ನಿನ ಪಾಲಾ ರಾಡ್‌ಕ್ಲಿಫ್, ಜೊನಾಥನ್ ಎಡ್ವರ್ಡ್ಸ್ ಸಿಟ್ಟಾದರು, ಸಿಟ್ಟಾಗಲೇಬೇಕಿತ್ತು. ಪ್ರಸ್ತಾವ ಜಾರಿಗೆ ಬರಲಿಲ್ಲ. ಒಳ್ಳೆಯದೇ ಆಯಿತು. ಆ ಪೊರಕೆಗೆ ಕೆಟ್ಟ ಅಳತೆ, ಬರೆದಿಟ್ಟ ಮೋಸ, ಬರೀ ಗುಸುಗುಸು, ಪ್ರಾಮಾಣಿಕ ಓಟ, ಎಲ್ಲವೂ ಒಂದೇ ಕಸ. ಒಂದೊಂದು ದಾಖಲೆಯನ್ನೂ ಎತ್ತಿ ನೋಡುವ ತಾಳ್ಮೆಯಿಲ್ಲದವರು ಮಾಡುವ ಕೆಲಸ ಅದು.

ಇಷ್ಟಕ್ಕೂ ಈ ತಪ್ಪು ಅಳತೆಯಿಂದ ನಷ್ಟ ಯಾರಿಗೆ? ಫ್ಲೋ-ಜೋಗಂತೂ ಅಲ್ಲ. 2021ರ ಜುಲೈ 31ರಂದು ಟೋಕಿಯೋದಲ್ಲಿ ಜಮೈಕಾದ ಇಲೇನ್ ಥಾಂಪ್ಸನ್-ಹೆರಾ 0.6 ಎದುರುಗಾಳಿಯಲ್ಲಿ 10.61 ಓಡಿ ಒಲಿಂಪಿಕ್ ದಾಖಲೆ ಮುರಿದರು, ಅದೂ ಗೆರೆ ಮುಟ್ಟುವ ಮುನ್ನವೇ ಕೈಯೆತ್ತಿ ತೋರಿಸುತ್ತ. ಮೂರು ವಾರ ಕಳೆದು ಆಗಸ್ಟ್ 21ಕ್ಕೆ ಅಮೆರಿಕದ ಯೂಜೀನ್‌ನಲ್ಲಿ 0.9 ಗಾಳಿಯಲ್ಲಿ 10.54. ಇನ್ನೂ ಐದು ದಿನಕ್ಕೆ ಲೊಸಾನ್‌ನಲ್ಲಿ, ಮಗನನ್ನು ಹೆತ್ತ ಮೇಲೂ ವಿಶ್ವ ಚಾಂಪಿಯನ್ ಆಗಿದ್ದ 34ರ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್, 10.60. ಮಾಪಕದ ಸೊನ್ನೆಯನ್ನು 1995ರಲ್ಲೇ ತಿದ್ದಿದ್ದರೆ, ಆ ಬೇಸಿಗೆ 33 ವರ್ಷದ ವಿಶ್ವದಾಖಲೆಯನ್ನು ಮೊದಲು ಸಮ ಮಾಡಿ ಆಮೇಲೆ ಒಡೆದ ಬೇಸಿಗೆ ಆಗುತ್ತಿತ್ತು. ದಾಖಲೆ ಕಿಂಗ್‌ಸ್ಟನ್ನಿಗೆ ಹೋಗುತ್ತಿತ್ತು. ಈಗ ಪುಸ್ತಕದಲ್ಲಿ ಥಾಂಪ್ಸನ್-ಹೆರಾ ಎರಡನೆಯವರು. ಆಕೆ ಸೋತದ್ದು ಎದುರಾಳಿಗಲ್ಲ, ಕೆಟ್ಟುಹೋದ ಒಂದು ಪೆಟ್ಟಿಗೆಗೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಪೊಳ್ಳಲ್ಲ. ಇಂದಿನವರ ಕಾಲಿನಲ್ಲಿ ಗಟ್ಟಿ ತಟ್ಟೆ, ಹೊಸ ಬಗೆಯ ಪುಟಿಯುವ ಫೋಮ್ ಇರುವ ಶೂ ಇದೆ, ಟ್ರ್ಯಾಕ್ ಕೂಡ ಮೊದಲಿನದಲ್ಲ, 2021ರ 10.54ನ್ನು 1988ರ ಓಟದ ಎದುರು ನಿಲ್ಲಿಸುವುದು ನ್ಯಾಯವೆ? ನ್ಯಾಯವಲ್ಲದಿರಬಹುದು. ಆದರೆ ಶೂ ಆ ದಿನದ ನಿಯಮದೊಳಗಿತ್ತು. ಐದು ಮೀಟರ್ ಗಾಳಿ 1988ರಲ್ಲೂ ನಿಯಮದ ಹೊರಗಿತ್ತು. ಕಾಲ ಬದಲಾದಂತೆ ಸಲಕರಣೆ ಬದಲಾಗುವುದು ಕ್ರೀಡೆಯ ಇತಿಹಾಸ. ಬರೆದಿಟ್ಟ ಮಿತಿಯನ್ನು ಒಂದು ಓಟಕ್ಕೆ ಮಾತ್ರ ಕಾಣದಂತೆ ಮಾಡುವುದು ಬರೀ ಅಜಾಗರೂಕತೆ.

ಯಾರೂ ಮುರಿಯಲಾರರು ಎಂಬ ಹತಾಶೆಯೂ ಹಳಸಿದೆ. ಕೋಖ್ ಓಡಿದ ದಿನವೇ ಕ್ಯಾನ್‌ಬೆರಾದಲ್ಲಿ ಪೂರ್ವ ಜರ್ಮನಿ 4x100 ರಿಲೇಯಲ್ಲಿ 41.37 ಬರೆದಿತ್ತು. 2012ರ ಲಂಡನ್‌ನಲ್ಲಿ ಅಮೆರಿಕದ ನಾಲ್ವರು ಅದನ್ನು 40.82ಕ್ಕೆ ಇಳಿಸಿದರು, ಅರ್ಧ ಸೆಕೆಂಡಿಗೂ ಹೆಚ್ಚು. ಬಲ್ಗೇರಿಯದ ಯೊರ್ದಾಂಕಾ ದೊಂಕೊವಾ 1988ರಲ್ಲಿ ಓಡಿದ 100 ಮೀಟರ್ ಹರ್ಡಲ್ಸ್‌ನ 12.21 ಕೂಡ 2016ರಲ್ಲಿ ಬಿತ್ತು, ಈಗ ಅಲ್ಲಿರುವುದು ನೈಜೀರಿಯಾದ ಟೋಬಿ ಅಮುಸನ್ ಅವರ 12.12. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಿಡ್ನಿ ಮೆಕ್‌ಲಾಫ್ಲಿನ್-ಲೆವ್ರೋನ್ 400 ಮೀಟರನ್ನು 47.78ರಲ್ಲಿ ಮುಗಿಸಿದರು, ಹಿಂದೆಯೇ ಡೊಮಿನಿಕನ್ ಗಣರಾಜ್ಯದ ಮರಿಲೈಡಿ ಪೌಲಿನೊ 47.98. ಕ್ಯಾನ್‌ಬೆರಾದ ಅಂಕಿಗೆ ಉಳಿದಿರುವ ದೂರ 0.18. ಅಳಿಸುವ ಗೊಡವೆಯಿಲ್ಲದೆ ಅದು ಓಟದಿಂದಲೇ ಹೋಗಬಹುದು. 10.49 ಹಾಗೆ ಹೋಗುವುದು ಕಷ್ಟ, ಏಕೆಂದರೆ ಅದು ಅಂಥ ಗಾಳಿಯಿಲ್ಲದೆ ಆದ ಓಟವೇ ಅಲ್ಲ.

200 ಮೀಟರಿನ 21.34ರ ಬಗ್ಗೆ ಏನೆನ್ನುತ್ತೀರಿ ಎಂದು ಕೇಳಿದರೆ, ಅದು ಇರಲಿ ಎನ್ನುತ್ತೇನೆ. 1988ರ ಸೆಪ್ಟೆಂಬರ್ 29, ಸೋಲ್, ಮದ್ದಿನ ಗುಸುಗುಸು ಅತ್ಯಂತ ಜೋರಾಗಿದ್ದ ವಾರ. ಗಾಳಿ 1.3, ಮಾಪಕದ ಮೇಲೆ ಯಾರ ದೂರೂ ಇಲ್ಲ. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಜಮೈಕಾದ ಶೆರಿಕಾ ಜಾಕ್ಸನ್ 21.41 ಓಡಿದಾಗ ಬೆನ್ನಿಗಿದ್ದದ್ದು ಬರೀ 0.1. ಅವರಿಗೂ 1.3 ಸಿಕ್ಕಿದ್ದರೆ ಎಂದು ಲೆಕ್ಕ ಹಾಕುವವರಿದ್ದಾರೆ, ನಾನೂ ಹಾಕಿ ನೋಡಿದ್ದೇನೆ. ಆ ಲೆಕ್ಕ ಮಾತಿಗೆ ಚೆನ್ನ, ದಾಖಲೆ ಪುಸ್ತಕಕ್ಕೆ ಸಲ್ಲದು. 1.3 ನಿಯಮದೊಳಗಿನ ಗಾಳಿ. ಜಾಕ್ಸನ್‌ಗೆ ದಾಖಲೆ ಮುರಿಯಲು ಇನ್ನೂ ಬೇಕಿರುವುದು ಸೆಕೆಂಡಿನ ನೂರರಲ್ಲಿ ಎಂಟು ಭಾಗ.