ಎಫ್‌ಎಆರ್ ನಾಲ್ಕರ ಮಹಿಮೆ

ಮೆಟ್ರೊ ನಿಲ್ದಾಣದ ಸುತ್ತ ಎತ್ತರೆತ್ತರ ಕಟ್ಟಿದರೆ ಬೆಂಗಳೂರಿನ ಸಂಚಾರದ ಗೋಳು ತಾನಾಗಿ ತೀರುತ್ತದೆ ಎಂಬ ಮಾತು ಈಗ ಮಂತ್ರದ ಮಟ್ಟಕ್ಕೇರಿದೆ. ಅಮೆರಿಕದ ನಗರ ಯೋಜಕ ಪೀಟರ್ ಕ್ಯಾಲ್ತಾರ್ಪ್ ಬರೆದದ್ದು, ಹಾಂಗ್‌ಕಾಂಗ್ ಮಾಡಿ ತೋರಿಸಿದ್ದು ಬಲ್ಲವರಿಗೆ ಗೊತ್ತೇ ಇದೆ. ತತ್ತ್ವದ ಬಗ್ಗೆ ನನ್ನ ತಕರಾರಿಲ್ಲ. ಮನೆಯಿಂದ ನಡೆದೇ ನಿಲ್ದಾಣ ಮುಟ್ಟುವಂತಿದ್ದರೆ ಜನರಿಗೂ ಲಾಭ, ರೈಲಿಗೂ ಲಾಭ. ತಕರಾರಿರುವುದು ನಾವು ಮಾಡಿಕೊಂಡ ನಿಯಮದ ಬಗ್ಗೆ.

2007ರಲ್ಲಿ ಜಾರಿಗೆ ಬಂದ ‘ಮಾಸ್ಟರ್ ಪ್ಲಾನ್ 2015’, ಮೆಟ್ರೊ ಓಡುವುದಕ್ಕೆ ನಾಲ್ಕು ವರ್ಷ ಮೊದಲೇ, ನಿಲ್ದಾಣದಿಂದ 150 ಮೀಟರಿನೊಳಗೆ ಎಫ್‌ಎಆರ್ 4ರವರೆಗೆ, ಅಂದರೆ ಸೈಟಿನ ವಿಸ್ತೀರ್ಣದ ನಾಲ್ಕು ಪಟ್ಟಿನವರೆಗೆ, ಕಟ್ಟಲು ಬಿಟ್ಟಿತು. ಕಾಗದದ ಮೇಲೆ ಉದಾರವೋ ಉದಾರ. 40x60 ಸೈಟಿನ ಲೆಕ್ಕ ಹಾಕಿ ನೋಡಿ. 2,400 ಚದರಡಿ ನೆಲದ ಮೇಲೆ 9,600 ಚದರಡಿ, ಅಂದರೆ 800 ಚದರಡಿಯ ಹನ್ನೆರಡು ಫ್ಲ್ಯಾಟು. ಆದರೆ ನಮ್ಮ ಬೈಲಾ ಇಷ್ಟು ದೊಡ್ಡ ಫ್ಲ್ಯಾಟಿಗೆ ಒಂದೊಂದು ಕಾರಿನ ಜಾಗ ಕೇಳುತ್ತದೆ. ಕಾರಿಗೆ 140 ಚದರಡಿಯೆಂದರೂ 1,680 ಆಯಿತು. ಕಾರು ತಿರುಗಿಸಲು ಜಾಗ ಬೇಡವೆ? ಸೆಟ್‌ಬ್ಯಾಕು, ಮೆಟ್ಟಿಲು, ಲಿಫ್ಟು, ಸಂಪು ಎಲ್ಲಿ ಹೋಗಬೇಕು? ಸಣ್ಣ ಸೈಟಿನವನ ಪಾಲಿಗೆ ನಾಲ್ಕೆಂಬುದು ಬರೀ ಅಂಕಿ. ಅದು ದಕ್ಕುವುದು ನಾಲ್ಕಾರು ಸೈಟು ಕೂಡಿಸಿ ನೆಲಮಾಳಿಗೆ ತೋಡಬಲ್ಲ ಬಿಲ್ಡರನಿಗೆ. ಅವನು ಮೊದಲು ಒಡೆಯುವುದು ವಠಾರಗಳನ್ನು. ಬಸ್ಸು, ರೈಲು ಬಿಟ್ಟು ಗತಿಯಿಲ್ಲದವರು ಊರಾಚೆಗೆ ಹೋಗುತ್ತಾರೆ. ಅವರ ಜಾಗಕ್ಕೆ ಕಾರಿನವರು ಬರುತ್ತಾರೆ. ರೈಲಿನ ಹೆಸರಲ್ಲಿ ಕೊಟ್ಟ ಅಂತಸ್ತಿನಡಿ ಕಾರುಗಳಿಗೇ ಮೊದಲ ಆಸನ!

ಹಾಂಗ್‌ಕಾಂಗಿನ ಉದಾಹರಣೆ ಕೊಡುವವರು ಒಂದು ಸಂಗತಿ ನುಂಗಿಕೊಳ್ಳುತ್ತಾರೆ. ಅಲ್ಲಿ ನೆಲ ಸರ್ಕಾರದ್ದು. ರೈಲು ಕಂಪನಿ ಎಂಟಿಆರ್ ಹಳಿ ಬರುವ ಮುಂಚಿನ ಬೆಲೆಗೆ ಕಟ್ಟುವ ಹಕ್ಕು ಪಡೆದು, ಏರಿದ ಬೆಲೆಯಿಂದ ಹಳಿಯ ಖರ್ಚು ತೂಗಿಸುತ್ತದೆ. ಇಲ್ಲಿ ನೆಲ ಖಾಸಗಿ. ಏರಿದ ಬೆಲೆಯ ಸಿಂಹಪಾಲು ಮಾಲೀಕನ ಜೇಬಿಗೆ. ಕೇಂದ್ರ ಸರ್ಕಾರದ 2017ರ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯಾದರೂ ನಿಲ್ದಾಣದ ಸುತ್ತ ಪಾರ್ಕಿಂಗ್ ಕಡಿಮೆ ಮಾಡಿ, ಕೈಗೆಟಕುವ ಮನೆಗಳಿಗೆ ಪಾಲಿಡಿ ಎಂದಿತ್ತು. ನಾವು ಅಂತಸ್ತಿಗಷ್ಟೇ ಕೈಚಾಚಿದೆವು.

ಇನ್ನು ‘ನೀರಿಲ್ಲ, ಒಳಚರಂಡಿ ತಾಳದು, ದಟ್ಟಣೆಯೇ ಬೇಡ’ ಎನ್ನುವ ವಿಮರ್ಶಕರು. ಅವರ ಕಾಳಜಿ ಸುಳ್ಳಲ್ಲ, ತೀರ್ಮಾನ ಸುಳ್ಳು. ನಿಲ್ದಾಣದ ಬಳಿ ಮನೆ ಸಿಗದವನು ನೀರು ಕುಡಿಯುವುದನ್ನು ಬಿಡುತ್ತಾನೆಯೆ? ಸರ್ಜಾಪುರದ ಆಚೆ ಮನೆ ಮಾಡಿ ಟ್ಯಾಂಕರ್ ತರಿಸುತ್ತಾನೆ. ಕೊಳವೆ ಉದ್ದವಾಗುತ್ತದೆಯೇ ಹೊರತು ಬಾಯಾರಿಕೆ ತಗ್ಗುವುದಿಲ್ಲ. ಮರಗಳ ನೆರಳಿನ ಹಳೆಯ ಬಡಾವಣೆಯಲ್ಲಿ ಸ್ವಂತ ಮನೆ ಇದ್ದವರಿಗೆ ‘ಊರು ತುಂಬಿತು’ ಎನ್ನುವುದು ಸುಲಭ. ಒಬ್ಬರು ಅಂತಸ್ತನ್ನು ಹೊಗಳಿ, ಇನ್ನೊಬ್ಬರು ಅದನ್ನೇ ಹಳಿದು, ಅಲ್ಲಿ ಯಾರು ಇರಬೇಕು ಎಂಬ ಪ್ರಶ್ನೆಯಿಂದ ಇಬ್ಬರೂ ಕೂಡಿಯೇ ತಪ್ಪಿಸಿಕೊಂಡಿದ್ದಾರೆ.

ದಟ್ಟಣೆ ಬೇಕು. ಆದರೆ ಕಾರಿನ ಜಾಗಕ್ಕೆ ಮಿತಿ, ಕಡಿಮೆ ಬಾಡಿಗೆಯ ಮನೆಗಳಿಗೆ ಕಡ್ಡಾಯ ಪಾಲು, ನಿಲ್ದಾಣದವರೆಗೆ ಒಡೆಯದ ಫುಟ್‌ಪಾತು ಇವಿಲ್ಲದೆ ಕೊಡುವ ಎಫ್‌ಎಆರ್, ಸಾರಿಗೆ ನೀತಿಯಲ್ಲ. ಶುದ್ಧ ರಿಯಲ್ ಎಸ್ಟೇಟ್.