ಧಾಟಿ ಬಿಟ್ಟವನ ನಿಷ್ಠೆ

ಧಾಟಿಯ ವಿಷಯದಲ್ಲಿ ನಾನು ಮಡಿವಂತ. ಅಮ್ಮ ಕಲಿಸಿದ ದೇವರನಾಮಕ್ಕೆ ಅಕ್ಕ ತನ್ನದೊಂದು ಸಂಗತಿ ಸೇರಿಸಿದರೆ ಸಾಕು, “ಅದು ಹಾಗಲ್ಲ ಅಕ್ಕಾ” ಎಂದು ತಡೆಯುತ್ತಿದ್ದೆ. ಬರಬರುತ್ತ ಅವಳು ನನ್ನೆದುರು ಹಾಡುವುದನ್ನೇ ಬಿಟ್ಟಳು. ಈ ಮಡಿಯನ್ನು ಕೆಡಿಸಿದವನು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಕೋಲ್ಮನ್ ಹಾಕಿನ್ಸ್; ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿದ್ದ ‘ಬಾಡಿ ಅಂಡ್ ಸೋಲ್’.

ಜಾನಿ ಗ್ರೀನ್ ಸ್ವರ ಹಾಕಿದ ಈ ಹಾಡು ಇಂಗ್ಲೆಂಡಿನ ನಟಿ ಗರ್ಟ್ರೂಡ್ ಲಾರೆನ್ಸ್‌ಗಾಗಿ ಹುಟ್ಟಿದ್ದು. 1930ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಲಿಬಿ ಹೋಲ್ಮನ್ ಇದನ್ನು ಹಾಡಿದಳು. ಮೇಲ್ನೋಟಕ್ಕೆ ಸಾಮಾನ್ಯ ವಿರಹಗೀತೆ. ಒಟ್ಟು 32 ಆವರ್ತ, ಎಂಟೆಂಟರ ನಾಲ್ಕು ಭಾಗ. ಮೂರನೆಯದು ಮಾತ್ರ ಬೇರೆ. ಆ ಮೂರನೆಯದನ್ನು ಕೇಳಬೇಕು. ನಮ್ಮಲ್ಲಿ ತಂಬೂರಿ ಹಿಡಿದ ಷಡ್ಜ ಕಛೇರಿ ಮುಗಿಯುವವರೆಗೂ ಕದಲುವುದಿಲ್ಲ. ಇಲ್ಲಿ ಷಡ್ಜವೇ ಅರ್ಧ ಸ್ವರ ಮೇಲೇರುತ್ತದೆ. ಆಮೇಲೆ ಮೊದಲಿನ ನೆಲೆಗಿಂತ ಅರ್ಧ ಸ್ವರ ಕೆಳಗಿಳಿದು, ಜಾರುತ್ತ ಜಾರುತ್ತ ಮನೆ ಸೇರುತ್ತದೆ. ಕಾಲಡಿಯ ನೆಲ ಸರಿದ ಹಾಗೆ.

1934ರಿಂದ ಐದು ವರ್ಷ ಯೂರೋಪಿನಲ್ಲಿದ್ದು ಮರಳಿದ ಹಾಕಿನ್ಸ್, 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಇದನ್ನು ಧ್ವನಿಮುದ್ರಿಸಿದ. ಮೂರು ನಿಮಿಷದ ಪ್ಲೇಟು, ಹಾಡಿಗೆ ಎರಡೇ ಸುತ್ತು. ಮೊದಲ ಕೆಲವು ಆವರ್ತಗಳಲ್ಲಿ ಧಾಟಿಯ ನೆರಳು ಸುಳಿಯುತ್ತದೆ, ಮತ್ತೆ ಅದರ ಪತ್ತೆಯಿಲ್ಲ. ಇವನು ಹಾಡನ್ನೇ ಮರೆತನಲ್ಲ ಎಂದು ಮೊದಲು ಸಿಟ್ಟು ಬಂತು. ಹತ್ತಾರು ಸಲ ಕೇಳಿದ ಮೇಲೆ ಹೊಳೆಯಿತು: ಅವನು ಬಿಟ್ಟದ್ದು ಧಾಟಿಯನ್ನು, ಹಾಡನ್ನಲ್ಲ. ಹಿಂದೆ ಪಿಯಾನೋ ನುಡಿಸುವ ಸ್ವರಗುಚ್ಛಗಳಲ್ಲಿ ಹಾಡಿನ ಅಸ್ಥಿ ಹಾಗೇ ಇದೆ. ಆ ನೆಲ ಎಲ್ಲೆಲ್ಲಿ ಸರಿಯುತ್ತದೋ ಅಲ್ಲಲ್ಲೇ ಅವನ ವಾದ್ಯವೂ ಹೊರಳುತ್ತದೆ. ಅಷ್ಟು ಕಟ್ಟುನಿಟ್ಟು! ಹಾಡಿನ ಮಾತುಗಳು ಪ್ರಿಯನ ಕಾಲಿಗೆ ಬೀಳುತ್ತವೆ, ಹಾಕಿನ್ಸ್ ಬೀಳುವುದಿಲ್ಲ. ಪಿಸುಮಾತಿನಲ್ಲಿ ಶುರುಮಾಡಿದವನು ಕೊನೆಯ ಹೊತ್ತಿಗೆ ಗಂಟಲು ತುಂಬಿ ತನ್ನ ಅಳಲನ್ನು ವಾದಿಸುತ್ತಾನೆ. ನನಗೆ ಸಾಹಿತ್ಯಕ್ಕಿಂತ ಈ ವಾದವೇ ನಿಜವೆನ್ನಿಸುತ್ತದೆ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಒಂದು ದೇವರನಾಮ ಹಾಡೆಂದೆ.

“ಯಾವ ಧಾಟೀಲೋ?” ಎಂದಳು.

“ನಿನಗೆ ತೋಚಿದ ಹಾಗೆ.”

ನಕ್ಕಳು. “ಈಗ ಗಂಟಲು ಏಳಲ್ಲ ಕಣೋ” ಎಂದು ಕಾಫಿ ತರಲು ಒಳಗೆ ಹೋದಳು.